ಮಗು ತಡವಾದರೆ ತಾಯಿಯೇ ತಪ್ಪಿತಸ್ಥಳೇ?



ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಗೆ ಮೀಸಲಾದ ಈ ಪತ್ರಿಕೆಯಲ್ಲಿ ಎಳೆ ಮಕ್ಕಳ ಬೆಳವಣಿಗೆಯ ಬಗ್ಗೆ ಸಂಪಾದಕೀಯ ಯಾಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕಾರಣ ಇದೆ. ಹೊಡೆತ ಬಡಿತದ ದೂರು ಹೊತ್ತು ಬರುವ ಹೆಣ್ಣುಮಕ್ಕಳ ಮಾತನ್ನು ಕೊನೆಯವರೆಗೂ ಕೇಳಿಸಿಕೊಂಡಾಗ, ಎಷ್ಟೋ ಸಲ ಆ ಜಗಳದ ನಡುವೆ ಒಂದು ಪುಟ್ಟ ಮಗು ಇರುವುದನ್ನು ನಾನು ಕಂಡಿದ್ದೇನೆ. ಎರಡು ವರ್ಷವಾದರೂ ಹೆಜ್ಜೆ ಇಡದ ಮಗು. ಹೆಸರು ಹಿಡಿದು ಕೂಗಿದರೂ ತಿರುಗಿ ನೋಡದ ಮಗು. ಕತ್ತು ನಿಲ್ಲದ, ಕೈಕಾಲು ಬಿಗಿಯಾದ ಮಗು. ಮನೆಯವರು ಆ ಮಗುವಿಗೆ ಏನಾಗಿದೆ ಎಂದು ಕೇಳುವ ಮೊದಲು ತಾಯಿಯನ್ನು ಕೇಳುತ್ತಾರೆ: ‘ಎಂಥದನ್ನು ಹೆತ್ತೆ ನೀನು?’

ಈ ಒಂದು ಪ್ರಶ್ನೆಯಿಂದಲೇ ಮಗುವಿಗೆ ಸಿಗಬೇಕಾದ ನೆರವು ತಡವಾಗುತ್ತದೆ ಎಂಬುದನ್ನು ಈ ಸಂಚಿಕೆಯಲ್ಲಿ ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಆಸ್ಪತ್ರೆ ದೂರ, ಕೈಯಲ್ಲಿ ಕಾಸಿಲ್ಲ, ಡಾಕ್ಟರು ಸಿಗುವುದಿಲ್ಲ, ಇವೆಲ್ಲ ನಿಜವೇ. ಆದರೆ ಇವೆಲ್ಲಕ್ಕೂ ಮೊದಲಿನ ಅಡ್ಡಿ ನಮ್ಮ ಮನೆಯ ಹೊಸ್ತಿಲೊಳಗೇ ಇದೆ.

ಹೋದ ವರ್ಷ ನಮ್ಮ ಸಲಹಾ ಕೇಂದ್ರಕ್ಕೆ ಒಬ್ಬ ತಾಯಿ ಬಂದಿದ್ದಳು. ಮದುವೆಯಾಗಿ ನಾಲ್ಕು ವರ್ಷ. ತಂದಿದ್ದ ಅರ್ಜಿಯಲ್ಲಿ ಇದ್ದದ್ದು ಹಣದ ವಿಷಯ. ತವರಿನಿಂದ ಐವತ್ತು ಸಾವಿರ ತರಬೇಕೆಂದು ಗಂಡ ಮತ್ತು ಅತ್ತೆ ಪೀಡಿಸುತ್ತಿದ್ದರು. ಯಾಕೆ ಎಂದು ಕೇಳಿದರೆ, ಮಗನ ಚಿಕಿತ್ಸೆಗೆ ಎಂದಳು. ‘ಬಾಣಂತನ ಮಾಡಿದ್ದು ನಿಮ್ಮಪ್ಪನ ಮನೆ, ಕೆಡಿಸಿದ್ದೂ ಅವರೇ, ಖರ್ಚೂ ಅವರೇ ಕೊಡಲಿ’ ಎಂಬುದು ಗಂಡನ ಮನೆಯವರ ನ್ಯಾಯ. ಎರಡೂವರೆ ವರ್ಷದ ಆ ಗಂಡುಮಗು ಅವಳ ಮಡಿಲಲ್ಲಿ ಸೀರೆಯ ಸೆರಗು ಹಿಡಿದು ಆಡುತ್ತಿತ್ತು. ಹೊರಗೆ ಲಾರಿಯೊಂದು ಜೋರಾಗಿ ಹಾರ್ನ್ ಹೊಡೆಯಿತು. ನಾವೆಲ್ಲ ಬೆಚ್ಚಿದೆವು. ಮಗು ತಲೆ ಎತ್ತಲಿಲ್ಲ.

ಅವಳಿಗೆ ಇದು ಮೊದಲೇ ಗೊತ್ತಿತ್ತು. ಮಗುವಿಗೆ ಎಂಟು ತಿಂಗಳಿದ್ದಾಗ ಅಡುಗೆಮನೆಯಲ್ಲಿ ಹಿತ್ತಾಳೆ ಪಾತ್ರೆ ಬಿದ್ದರೂ ತೊಟ್ಟಿಲಲ್ಲಿದ್ದ ಮಗು ಎಚ್ಚರಗೊಳ್ಳಲಿಲ್ಲವಂತೆ. ಅಂದೇ ಅತ್ತೆಗೆ ಹೇಳಿದಳು. ‘ನಿನ್ನ ಗಂಡನೂ ಮಾತಾಡಿದ್ದು ಮೂರು ವರ್ಷಕ್ಕೆ. ಗಂಡುಮಕ್ಕಳು ನಿಧಾನ. ಅಪಶಕುನ ನುಡಿಯಬೇಡ’ ಎಂದು ಬಾಯಿ ಮುಚ್ಚಿಸಿದರು. ಒಂದು ವರ್ಷ ತುಂಬಿದ ಮೇಲೆ ಬಜೆ ತೇಯ್ದು ನಾಲಿಗೆಗೆ ಹಚ್ಚಿದರು. ಮನೆದೇವರಿಗೆ ಹರಕೆ ಹೊತ್ತರು. ತಾಯತ ಕಟ್ಟಿಸಿದರು. ಎರಡು ವರ್ಷವಾದಾಗ ತವರಿನವರು ಯಾವುದೋ ಖಾಸಗಿ ವೈದ್ಯರಿಗೆ ತೋರಿಸಿದರು. ಕಿವಿಯ ಪರೀಕ್ಷೆ ಮಾಡಿಸದೆಯೇ ‘ಬೆಳೆಯುತ್ತ ಸರಿಹೋಗುತ್ತದೆ’ ಎಂದು ಟಾನಿಕ್ ಬರೆದುಕೊಟ್ಟರು. ಆಮೇಲೆ ಜಗಳ, ಹೊಡೆತ, ತವರಿಗೆ ಅಟ್ಟುವುದು.

ಎಂಟು ತಿಂಗಳಿಂದ ಮೂವತ್ತು ತಿಂಗಳು. ನಡುವೆ ಇಪ್ಪತ್ತೆರಡು ತಿಂಗಳು. ಆ ತಿಂಗಳುಗಳು ಎಲ್ಲಿ ಹೋದವು ಎಂದು ಲೆಕ್ಕ ಹಾಕಿ ನೋಡಿ. ಆಸ್ಪತ್ರೆಯ ದಾರಿಯಲ್ಲಿ ಹೋದದ್ದು ಒಂದು ದಿನ ಮಾತ್ರ. ಮಿಕ್ಕವೆಲ್ಲ ತಾಯಿಯ ಬಾಯಿ ಮುಚ್ಚಿಸುವುದರಲ್ಲಿ, ತಪ್ಪು ಯಾರದೆಂದು ಜಗಳವಾಡುವುದರಲ್ಲಿ ಕಳೆದುಹೋದವು.

ತಿಂಗಳುಗಳ ಲೆಕ್ಕ ಯಾಕೆ ಮುಖ್ಯ? ಮಗುವಿನ ಮಿದುಳು ಅತಿ ವೇಗವಾಗಿ ಬೆಳೆಯುವುದು ಮೊದಲ ಮೂರು ವರ್ಷಗಳಲ್ಲಿ. ಕಿವಿ ಕೇಳದ ಮಗುವಿಗೆ ಮಾತು ಕಲಿಯುವ ಶಕ್ತಿ ಇಲ್ಲವೆಂದಲ್ಲ. ಕೇಳದ್ದನ್ನು ಕಲಿಯುವುದು ಹೇಗೆ? ಅದಕ್ಕೇ ವೈದ್ಯರು ಒಂದು, ಮೂರು, ಆರು ಎಂಬ ಲೆಕ್ಕ ಹೇಳುತ್ತಾರೆ. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಶ್ರವಣಯಂತ್ರ ಮತ್ತು ತರಬೇತಿ. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಚಿದ್ದರೆ ಮೊದಲ ವಾರಗಳಿಂದಲೇ ವಾರಕ್ಕೊಮ್ಮೆ ಪಟ್ಟು ಹಾಕುತ್ತ, ಆಮೇಲೆ ವಿಶೇಷ ಬೂಟು ತೊಡಿಸುತ್ತ ದೊಡ್ಡ ಶಸ್ತ್ರಚಿಕಿತ್ಸೆ ಇಲ್ಲದೆಯೇ ಸರಿಪಡಿಸುವ ವಿಧಾನ ಇದೆ. ಥೈರಾಯ್ಡ್ ಕೊರತೆಯಿಂದ ಹುಟ್ಟಿದ ಮಗುವಿಗೆ ಮೊದಲ ವಾರಗಳಲ್ಲೇ ರಕ್ತ ಪರೀಕ್ಷೆ ಮಾಡಿ ಮಾತ್ರೆ ಶುರುಮಾಡಿದರೆ ಬುದ್ಧಿಮಾಂದ್ಯವನ್ನೇ ತಪ್ಪಿಸಬಹುದು. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಎಳವೆಯಲ್ಲೇ ವ್ಯಾಯಾಮ ಆರಂಭಿಸಿದರೆ ಕೈಕಾಲು ಸೊಟ್ಟಗೆ ಬಿಗಿದುಕೊಳ್ಳುವುದು ಕಡಿಮೆಯಾಗುತ್ತದೆ, ಕೂರುವುದು, ಉಣ್ಣುವುದು ಹಗುರವಾಗುತ್ತದೆ. ತಡವಾಗಿ ಹೋದರೆ ಏನೂ ಪ್ರಯೋಜನವಿಲ್ಲ ಎಂದು ಮಾತ್ರ ಯಾರೂ ತಿಳಿಯಬಾರದು. ಯಾವ ವಯಸ್ಸಿನಲ್ಲಿ ಹೋದರೂ ಸ್ವಲ್ಪ ನೆರವು ಇದ್ದೇ ಇದೆ. ಬೇಗ ಹೋದಷ್ಟೂ ಹೆಚ್ಚು ದಕ್ಕುತ್ತದೆ.

ಹಾಗಿದ್ದರೆ ತಪ್ಪು ತಾಯಿಯದೇ? ಈ ಮಾತನ್ನು ನೇರವಾಗಿಯೇ ಎದುರಿಸೋಣ. ಸೊಸೆಯ ಕಾಲ್ಗುಣ ಸರಿ ಇಲ್ಲ ಎನ್ನುತ್ತಾರೆ. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು ಎನ್ನುತ್ತಾರೆ. ಹಿಂದಿನ ಜನ್ಮದ ಪಾಪ ಎನ್ನುತ್ತಾರೆ. ಇವುಗಳಲ್ಲಿ ಯಾವುದಕ್ಕೂ ಆಧಾರವಿಲ್ಲ. ಆಧಾರವಿರುವ ಕಾರಣಗಳು ಬೇರೆ ಇವೆ. ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ ಉಸಿರು ಕಟ್ಟುವುದು, ದಿನ ತುಂಬುವ ಮೊದಲೇ ಹುಟ್ಟುವುದು, ಹುಟ್ಟಿದ ಮೊದಲ ದಿನಗಳ ಕಾಮಾಲೆ ತಲೆಗೇರುವವರೆಗೂ ಚಿಕಿತ್ಸೆ ಸಿಗದಿರುವುದು, ಮಿದುಳು ಜ್ವರ, ತಾಯಿಯ ಆಹಾರದಲ್ಲಿ ಅಯೋಡಿನ್ ಮತ್ತು ಫೋಲಿಕ್ ಆಮ್ಲದ ಕೊರತೆ, ಇಂಥವು. ಎಷ್ಟೋ ಸಲ ಕಾರಣ ಏನೆಂದು ತಜ್ಞರಿಗೂ ತಿಳಿಯುವುದಿಲ್ಲ.

ಇನ್ನೊಂದು ಕಾರಣವನ್ನು ನಾವು ಹೆಣ್ಣುಮಕ್ಕಳು ವಿಶೇಷವಾಗಿ ತಿಳಿಯಬೇಕು. ನಮ್ಮ ರಾಜ್ಯದಲ್ಲಿ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತಂದುಕೊಳ್ಳುವ ಪದ್ಧತಿ ಹಳೆಯದು. ಆಸ್ತಿ ಹೊರಗೆ ಹೋಗಬಾರದು, ವರದಕ್ಷಿಣೆ ಉಳಿಯಲಿ, ಗೊತ್ತಿದ್ದ ಮನೆಯಲ್ಲಿ ಮಗಳು ಸುಖವಾಗಿರಲಿ ಎಂಬ ಆಸೆಯಿಂದ ಎಷ್ಟೋ ಹುಡುಗಿಯರನ್ನು ಹೀಗೆ ಕೊಟ್ಟಿದ್ದೇವೆ. ರಕ್ತಸಂಬಂಧದ ಮದುವೆಯಲ್ಲಿ ಹುಟ್ಟುವ ಬಹುಪಾಲು ಮಕ್ಕಳು ಚೆನ್ನಾಗಿಯೇ ಇರುತ್ತಾರೆ. ಆದರೆ ವಂಶದಲ್ಲಿ ಅಡಗಿರುವ ಕೆಲವು ದೋಷಗಳು ಗಂಡ ಹೆಂಡತಿ ಇಬ್ಬರಲ್ಲೂ ಇದ್ದುಬಿಡುವ ಸಾಧ್ಯತೆ ಇಂಥ ಮದುವೆಗಳಲ್ಲಿ ಹೆಚ್ಚು. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ತೊಂದರೆ ಬರುವ ಸಂಭವ ಇರುತ್ತದೆ. ಇಬ್ಬರಲ್ಲೂ ಇದ್ದರೆ ಎಂಬ ಮಾತನ್ನು ಗಮನಿಸಿ. ತಂದೆಯ ಪಾಲು ತಾಯಿಯಷ್ಟೇ. ಮದುವೆ ನಿಶ್ಚಯಿಸಿದ ಹಿರಿಯರ ಪಾಲು ಇನ್ನೂ ಹೆಚ್ಚು. ಆದರೆ ಬೈಗುಳ ತಿನ್ನುವವಳು ಒಬ್ಬಳೇ!

ಬಸುರಿಯನ್ನು ಹೊಡೆಯುವ ಗಂಡಸರ ಬಗ್ಗೆಯೂ ಒಂದು ಮಾತು. ಹೊಟ್ಟೆಗೆ ಒದೆಯುವುದು, ಉಪವಾಸ ಕೆಡವುವುದು, ತಪಾಸಣೆಗೆ ಕಳಿಸದಿರುವುದು, ಇವುಗಳಿಂದ ಮಗು ದಿನ ತುಂಬುವ ಮೊದಲೇ ಹುಟ್ಟುವ, ತೂಕ ಕಡಿಮೆಯಾಗುವ ಅಪಾಯ ಹೆಚ್ಚುತ್ತದೆ. ಅಂಥ ಮಕ್ಕಳಲ್ಲಿ ಬೆಳವಣಿಗೆ ಹಿಂದೆ ಬೀಳುವ ಸಂಭವವೂ ಹೆಚ್ಚು. ಹೀಗಿರುವಾಗ ‘ಎಂಥದನ್ನು ಹೆತ್ತೆ’ ಎಂದು ಕೇಳುವ ಬಾಯಿಗೆ ‘ನೀನು ಏನು ಮಾಡಿದೆ’ ಎಂದು ತಿರುಗಿ ಕೇಳುವ ಕಾಲ ಬಂದಿದೆ.

ದೂಷಣೆಯ ಪರಿಣಾಮವೇನು? ತಾಯಿ ಮಗುವನ್ನು ಬಚ್ಚಿಡುತ್ತಾಳೆ. ಓರಗೆಯವರ ಮಕ್ಕಳ ಜೊತೆ ಹೋಲಿಸುತ್ತಾರೆಂದು ಅಂಗನವಾಡಿಗೆ ಕಳಿಸುವುದಿಲ್ಲ. ಆಶಾ ಕಾರ್ಯಕರ್ತೆ ಬಂದರೆ ಮಗು ಮಲಗಿದೆ ಎನ್ನುತ್ತಾಳೆ. ನಾದಿನಿಯ ಮದುವೆಗೆ ಅಡ್ಡಿಯಾದೀತೆಂದು ಮನೆಯವರು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಲು ಒಪ್ಪುವುದಿಲ್ಲ. ಹೆಣ್ಣುಮಗುವಾದರೆ ಕೇಳುವುದೇ ಬೇಡ. ‘ಹೇಗೂ ಇನ್ನೊಬ್ಬರ ಮನೆಗೆ ಹೋಗುವವಳು, ಇವಳಿಗೆ ಇಷ್ಟೊಂದು ಖರ್ಚೇ?’ ಎಂಬ ಮಾತು ಬರುತ್ತದೆ. ಕೊನೆಗೆ ಗಂಡ ಇನ್ನೊಂದು ಮದುವೆಯ ಮಾತೆತ್ತುತ್ತಾನೆ. ಹೊಸ ಹೆಣ್ಣು, ಹೊಸ ವರದಕ್ಷಿಣೆ.

ಮನೆಯ ಹೊಸ್ತಿಲು ದಾಟಿದ ತಾಯಿಗೆ ಹೊರಗೆ ಕಾಯುವ ಅಡ್ಡಿಗಳು ಇನ್ನೊಂದು ಬಗೆಯವು. ಈ ಚಿಕಿತ್ಸೆ ಒಂದು ಸೂಜಿ, ಒಂದು ಬಾಟಲಿ ಔಷಧಿಯಲ್ಲಿ ಮುಗಿಯುವಂಥದ್ದಲ್ಲ. ಫಿಜಿಯೋಥೆರಪಿ, ಮಾತಿನ ತರಬೇತಿ ಎಂದರೆ ವಾರವಾರವೂ ಹೋಗಬೇಕು, ತಿಂಗಳುಗಟ್ಟಲೆ ಹೋಗಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ನಮಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಅದು ದೊಡ್ಡ ಅನುಕೂಲವೇ. ಆದರೆ ಹೋದ ದಿನದ ಕೂಲಿ ಯಾರು ಕೊಡುತ್ತಾರೆ? ಮನೆಯಲ್ಲಿ ಉಳಿದ ಮಕ್ಕಳನ್ನು ಯಾರು ನೋಡುತ್ತಾರೆ? ಎಮ್ಮೆಗೆ ಹುಲ್ಲು ಯಾರು ಹಾಕುತ್ತಾರೆ? ನಾಲ್ಕು ವಾರ ಹೋಗಿ ಐದನೇ ವಾರ ನಿಲ್ಲಿಸಿದ ತಾಯಿಯನ್ನು ‘ಕಾಳಜಿ ಇಲ್ಲದವಳು’ ಎಂದು ಆಸ್ಪತ್ರೆಯವರು ಬೈದರೆ, ಅದೂ ಅದೇ ಹಳೆಯ ದೂಷಣೆಯ ಇನ್ನೊಂದು ರೂಪ.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. 1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ ನೂರು ಅಂಗನವಾಡಿಗಳೊಂದಿಗೆ ಆರಂಭವಾದ ಶಿಶು ಅಭಿವೃದ್ಧಿ ಯೋಜನೆ ಇಂದು ಊರೂರಿಗೂ ತಲುಪಿದೆ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಅದರ ಪ್ರಕಾರ ವೈದ್ಯರ ತಂಡವೊಂದು ವರ್ಷಕ್ಕೆ ಎರಡು ಸಲ ಪ್ರತಿ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಹುಟ್ಟು ದೋಷ, ಕಾಯಿಲೆ, ಪೌಷ್ಟಿಕಾಂಶದ ಕೊರತೆ, ಬೆಳವಣಿಗೆಯಲ್ಲಿ ಹಿನ್ನಡೆ, ಈ ನಾಲ್ಕನ್ನೂ ನೋಡಬೇಕು. ತೊಂದರೆ ಕಂಡರೆ ಜಿಲ್ಲಾ ಮಟ್ಟದಲ್ಲಿ ಇದಕ್ಕೆಂದೇ ಇರುವ, ಡಿಇಐಸಿ ಎಂದು ಕರೆಯುವ ಕೇಂದ್ರಕ್ಕೆ ಕಳಿಸಬೇಕು. 2018ರಿಂದ ಆಶಾ ಕಾರ್ಯಕರ್ತೆ ಮಗುವಿನ 3, 6, 9, 12 ಮತ್ತು 15ನೇ ತಿಂಗಳಲ್ಲಿ ಮನೆಗೆ ಭೇಟಿ ಕೊಡುವ ವ್ಯವಸ್ಥೆಯೂ ಬಂದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ತೊಂದರೆಯ ಸಂಭವ ಇರುವವರನ್ನು ಪತ್ತೆ ಮಾಡಲು ಎಲ್ಲ ಮಕ್ಕಳನ್ನೂ ವರ್ಷಕ್ಕೆ ಒಮ್ಮೆಯಾದರೂ ತಪಾಸಣೆ ಮಾಡಬೇಕೆಂದು ಆ ಕಾಯ್ದೆ ಸರ್ಕಾರಕ್ಕೆ ಹೇಳುತ್ತದೆ.

ಆದರೆ ವೈದ್ಯರ ತಂಡ ಬಂದ ದಿನ ಅಂಗನವಾಡಿಯಲ್ಲಿ ಇರುವ ಮಗುವನ್ನು ತಾನೇ ಅವರು ನೋಡುವುದು? ಬಚ್ಚಿಟ್ಟ ಮಗುವನ್ನು ನೋಡುವವರು ಯಾರು? ಕಬ್ಬು ಕಡಿಯಲು ಹೋದವರ, ಇಟ್ಟಿಗೆ ಭಟ್ಟಿಯವರ, ಕಲ್ಯಾಣ ಕರ್ನಾಟಕದಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಯಾವ ಅಂಗನವಾಡಿಯ ಪುಸ್ತಕದಲ್ಲಿದ್ದಾರೆ? ಚೀಟಿ ಬರೆದುಕೊಟ್ಟ ಮೇಲೆ ಆ ಮಗು ಜಿಲ್ಲಾ ಆಸ್ಪತ್ರೆ ತಲುಪಿತೇ ಎಂದು ಕೇಳುವವರು ಯಾರು? ಅಡುಗೆ, ತೂಕ, ಲೆಕ್ಕ, ಮೊಬೈಲಿನಲ್ಲಿ ವರದಿ ತುಂಬುವುದು ಎಂದು ಹತ್ತು ಕೆಲಸ ಹೊತ್ತಿರುವ ಅಂಗನವಾಡಿ ಕಾರ್ಯಕರ್ತೆಯ ತಲೆಗೆ ಇದನ್ನೂ ಕಟ್ಟಿ ಕೈತೊಳೆದುಕೊಂಡರೆ ಆಗದು. ಅವಳೂ ನಮ್ಮಂಥ ಹೆಣ್ಣುಮಗಳೇ.

ಇಲ್ಲಿಯೇ ನಮ್ಮ ಸಂಘಗಳ ಕೆಲಸ ಇರುವುದು. ಬ್ಯಾಂಕು ಸಾಲ ತೀರಿಸುವುದರಲ್ಲಿ ನಾವು ಹೆಸರು ಗಳಿಸಿದ್ದೇವೆ. ಅದೇ ಶಿಸ್ತಿನಲ್ಲಿ ನಮ್ಮ ಕೇರಿಯ ಎಳೆ ಮಕ್ಕಳ ಲೆಕ್ಕವನ್ನೂ ಇಡಬಹುದು. ಇದಕ್ಕೆ ದೊಡ್ಡ ಓದು ಬೇಕಿಲ್ಲ. ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳು ದಾಟಿದರೂ ಆಸರೆಯಿಲ್ಲದೆ ಕೂರದಿದ್ದರೆ, ಒಂದು ವರ್ಷವಾದರೂ ಹೆಸರು ಕೂಗಿದಾಗ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಎರಡು ವರ್ಷವಾದರೂ ‘ಅಮ್ಮ ಬಾ’ ಎಂಬಂಥ ಎರಡು ಪದ ಕೂಡಿಸಿ ಆಡದಿದ್ದರೆ, ಕಲಿತ ಮಾತನ್ನೇ ಮರೆಯುತ್ತಿದ್ದರೆ ತಡಮಾಡದೆ ತೋರಿಸಬೇಕು. ಬಸುರಿಯಾದಾಗ ಕೊಡುವ ತಾಯಿ ಕಾರ್ಡಿನಲ್ಲಿ ಲಸಿಕೆ, ತೂಕದ ಜೊತೆಗೆ ಮಗು ಯಾವ ತಿಂಗಳಿಗೆ ಏನು ಮಾಡಬೇಕೆಂಬ ಚಿತ್ರಗಳೂ ಇರುತ್ತವೆ. ಮುಂದಿನ ಸಭೆಗೆ ಎಲ್ಲರೂ ಆ ಕಾರ್ಡು ತನ್ನಿ. ಓದು ಬಲ್ಲವರು ಓದಿ ಹೇಳಿ.

ತೊಂದರೆ ಕಂಡ ಮಗುವಿನ ತಾಯಿಯನ್ನು ಒಬ್ಬಳೇ ಆಸ್ಪತ್ರೆಗೆ ಕಳಿಸಬೇಡಿ. ಸರದಿ ಪ್ರಕಾರ ಒಬ್ಬರು ಜೊತೆಗೆ ಹೋಗಿ. ಸಂಘದ ಉಳಿತಾಯದಿಂದ ಆ ದಿನಗಳ ಖರ್ಚಿಗೆ ಬಡ್ಡಿಯಿಲ್ಲದ ಕೈಸಾಲ ಕೊಡಬಹುದೇ ಎಂದು ಚರ್ಚಿಸಿ ಠರಾವು ಬರೆಯಿರಿ. ಅವಳು ಹೋದ ದಿನ ಉಳಿದ ಮಕ್ಕಳನ್ನು ನೋಡಿಕೊಳ್ಳಿ. ಮನೆಯಲ್ಲಿ ಮಾಡಿಸಬೇಕಾದ ವ್ಯಾಯಾಮವನ್ನು ಜೊತೆಗೆ ಹೋದವಳೂ ಕಲಿತು ಬಂದರೆ ಊರಿನಲ್ಲಿ ಇಬ್ಬರಿಗೆ ಗೊತ್ತಿರುತ್ತದೆ. ಗ್ರಾಮ ಪಂಚಾಯತಿಯಲ್ಲಿ ವಿಆರ್‌ಡಬ್ಲ್ಯೂ ಎಂಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ತಾಲ್ಲೂಕು ಪಂಚಾಯತಿಯಲ್ಲಿ ಎಂಆರ್‌ಡಬ್ಲ್ಯೂ ಇರುತ್ತಾರೆ. ಅವರನ್ನು ಸಭೆಗೆ ಕರೆಯಿರಿ. ವಿಕಲಚೇತನರಿಗೆಂದು ಪಂಚಾಯತಿಯಲ್ಲಿ ತೆಗೆದಿಡಬೇಕಾದ ಶೇಕಡಾ 5ರ ಹಣ ಎಲ್ಲಿ ಖರ್ಚಾಯಿತು, ಎಳೆ ಮಕ್ಕಳಿಗೆ ಎಷ್ಟು ತಲುಪಿತು ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇರುವವರಿಗೆ ‘ನಿರಾಮಯ’ ಎಂಬ ಆರೋಗ್ಯ ವಿಮೆ ಇದೆ. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ವೆಚ್ಚ ಅದರಲ್ಲಿ ಸೇರುತ್ತದೆ, ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ. ಕಿವಿ ಮತ್ತು ಮಾತಿನ ತೊಂದರೆಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಅಲ್ಲಿ ತಾಯಂದಿರೂ ಮಗುವಿನ ಜೊತೆ ಕೂತು ಕಲಿಸುವ ಶಾಲಾಪೂರ್ವ ತರಗತಿಗಳಿವೆ.

ಇನ್ನು ಮನೆಯೊಳಗಿನ ಹಿಂಸೆಯ ಮಾತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಹೊಡೆಯುವುದಷ್ಟೇ ಹಿಂಸೆಯಲ್ಲ. ಅವಮಾನಿಸುವುದು, ಹೀಯಾಳಿಸುವುದು, ಅಡ್ಡಹೆಸರಿಟ್ಟು ಕರೆಯುವುದು ಕೂಡ ಹಿಂಸೆಯೇ. ಮಗುವಾಗಲಿಲ್ಲವೆಂದು, ಗಂಡುಮಗುವಾಗಲಿಲ್ಲವೆಂದು ಹೀಯಾಳಿಸುವುದನ್ನು ಆ ಕಾಯ್ದೆ ಹೆಸರಿಸಿಯೇ ಹೇಳಿದೆ. ‘ಮೂಗನನ್ನು ಹೆತ್ತವಳು’ ಎಂದು ದಿನವೂ ಚುಚ್ಚುವುದು ಅದಕ್ಕಿಂತ ಬೇರೆಯೇ? ತಾಯಿಗೂ ಮಕ್ಕಳಿಗೂ ಬೇಕಾದ ಖರ್ಚು ಕೊಡದಿರುವುದು ಆರ್ಥಿಕ ಹಿಂಸೆ. ವೈದ್ಯಕೀಯ ವೆಚ್ಚ, ಮಕ್ಕಳ ಜೀವನಾಂಶ, ಮನೆಯಲ್ಲಿ ವಾಸಿಸುವ ಹಕ್ಕು ಇವೆಲ್ಲವನ್ನೂ ಮ್ಯಾಜಿಸ್ಟ್ರೇಟರ ಮುಂದೆ ಕೇಳಬಹುದು. ಚಿಕಿತ್ಸೆಯ ಹೆಸರಿನಲ್ಲಿ ತವರಿನಿಂದ ಹಣ ತಾ ಎಂದು ಪೀಡಿಸಿದರೆ ಅದು ಕ್ರೌರ್ಯ. 1983ರಿಂದ 498ಎ ಎಂದು ನಾವು ಕರೆಯುತ್ತಿದ್ದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ. ಮಗು ವಿಕಲಚೇತನ ಎಂಬುದು ವಿಚ್ಛೇದನಕ್ಕೆ ಕಾರಣವೆಂದು ಹಿಂದೂ ವಿವಾಹ ಕಾಯ್ದೆ ಎಲ್ಲಿಯೂ ಹೇಳಿಲ್ಲ.

ನಮ್ಮ ರಾಜ್ಯದಲ್ಲಿ ಒಂದು ಅನುಕೂಲವಿದೆ, ಅದನ್ನು ನಾವು ಬಳಸಿಕೊಂಡದ್ದು ಕಡಿಮೆ. ಅಂಗನವಾಡಿಗಳ ಮೇಲುಸ್ತುವಾರಿ ನೋಡುವ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಕೌಟುಂಬಿಕ ಹಿಂಸೆ ಕಾಯ್ದೆಯ ಸಂರಕ್ಷಣಾಧಿಕಾರಿ. ತಾಯಿಯ ದೂರು ಮತ್ತು ಮಗುವಿನ ತಪಾಸಣೆ ಎರಡೂ ಒಂದೇ ಮೇಜಿಗೆ ಬರುತ್ತವೆ. ಹಾಗಾಗಿ ಹಿಂಸೆಯ ದೂರು ಕೊಡುವಾಗ ಮಗುವಿಗೆ ಬೇಕಾದ ನೆರವನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ. ಆಸ್ಪತ್ರೆಯ ಚೀಟಿಯ ನಕಲು ಲಗತ್ತಿಸಿ. ಅರ್ಜಿ ಸಲ್ಲಿಸಿದ್ದಕ್ಕೆ ಸ್ವೀಕೃತಿ ಪಡೆಯದೆ ಬರಬೇಡಿ. ವಕೀಲರಿಗೆ ಕೊಡಲು ಹಣವಿಲ್ಲ ಎಂಬ ಚಿಂತೆ ಬೇಡ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಂಗಸರಿಗೆ ಉಚಿತ ನೆರವು ಸಿಗುತ್ತದೆ. ತುರ್ತಿಗೆ ಮಹಿಳೆಯರಿಗೆ 181, ಮಕ್ಕಳಿಗೆ 1098.

ಆ ತಾಯಿಯ ಅರ್ಜಿಯನ್ನೂ ನಾವು ಹೀಗೆಯೇ ಬರೆದೆವು. ಮಗುವಿನ ಕಿವಿಗೆ ಈಗ ಯಂತ್ರ ಬಂದಿದೆ, ತರಬೇತಿ ನಡೆಯುತ್ತಿದೆ. ಪ್ರಕರಣ ಇನ್ನೂ ಮುಗಿದಿಲ್ಲ, ಕಳೆದ ಇಪ್ಪತ್ತೆರಡು ತಿಂಗಳನ್ನು ಯಾವ ನ್ಯಾಯಾಲಯವೂ ಮರಳಿ ಕೊಡಲಾರದು.

ಅತ್ತೆಯಂದಿರಾಗಿರುವ ಸಂಗಾತಿಗಳಲ್ಲಿ ನನ್ನದೊಂದು ವಿಶೇಷ ಮನವಿ. ನಮ್ಮ ಸಂಘಗಳಲ್ಲಿ ಸೊಸೆಯರಷ್ಟೇ ಅತ್ತೆಯರೂ ಇದ್ದೀರಿ. ಸೊಸೆ ಬಂದು ‘ಅತ್ತೇ, ಮಗು ಯಾಕೋ ತಿರುಗಿ ನೋಡುತ್ತಿಲ್ಲ’ ಎಂದರೆ, ಅವಳ ಬಾಯಿ ಮುಚ್ಚಿಸಬೇಡಿ. ನೀವೂ ಕರೆದು ನೋಡಿ, ಚಪ್ಪಾಳೆ ತಟ್ಟಿ ನೋಡಿ. ಅನುಮಾನ ಬಂದರೆ ಮಾರನೆಯ ದಿನವೇ ಅವಳ ಜೊತೆ ಬಸ್ಸು ಹತ್ತಿ. ಹರಕೆ ತೀರಿಸಬೇಕೆನಿಸಿದರೆ ತೀರಿಸಿ, ಆದರೆ ಆಸ್ಪತ್ರೆಗೆ ಹೋಗಿ ಬಂದ ಮೇಲೆ.